ಜಟಿಂಗ ರಾಮೇಶ್ವರ ಶಾಸನದ 256 ಮತ್ತು ಬೀಗ ಹಾಕಿದ ಮನೆಯ ಕರೆಂಟ್ ಬಿಲ್ಲು: ಒಂದು ತೌಲನಿಕ ಅಧ್ಯಯನ

ಪೀಠಿಕೆ

ಬಿ.ಎಲ್. ರೈಸ್ ಅವರು 1892ರಲ್ಲಿ ಮೊಳಕಾಲ್ಮೂರು ಸೀಮೆಯಲ್ಲಿ ಅಶೋಕನ ಮೂರು ಶಾಸನಗಳನ್ನು ಪತ್ತೆ ಹಚ್ಚಿದರು: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. ನಾಲ್ಕನೆಯದು ಅವರಿಗೆ ದಕ್ಕಲಿಲ್ಲ. ಅದಕ್ಕೆ ಅವರನ್ನು ದೂರುವಂತಿಲ್ಲ; ಆಗಿನ್ನೂ ಅದರ ಮುದ್ರಣವೇ ಆಗಿರಲಿಲ್ಲ. ಇತ್ತೀಚೆಗೆ ಚಳ್ಳಕೆರೆಯ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ, ಬೀಗ ಹಾಕಿದ ಬಾಗಿಲ ಸಂದಿಯಲ್ಲಿ ಅದು ದೊರೆಯಿತು. ಮನೆ ಪ್ರಸ್ತುತ ಸಂಶೋಧಕನ ಷಡ್ಡಕರದು. ಅವರು ಬೆಂಗಳೂರಿನಲ್ಲಿದ್ದಾರೆ. ನಾಯಕನಹಟ್ಟಿ ತೇರಿಗೊಮ್ಮೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೊಮ್ಮೆ ಬಂದು, ಕಸ ಗುಡಿಸಿ, ಹಾಲು ಕಾಯಿಸಿ ಕುಡಿದು ಹೊರಟುಬಿಡುತ್ತಾರೆ. ಜಾತ್ರೆಯೂ ಇಲ್ಲದ, ತೇರೂ ಇಲ್ಲದ ಒಂದು ತಿಂಗಳಿಗೆ ಆ ಶಾಸನ ನಮೂದಿಸಿರುವ ಬಳಕೆ: 256 ಯೂನಿಟ್.

ಶಾಸನತಜ್ಞರಿಗೆ ಈ ಸಂಖ್ಯೆ ಹೊಸದಲ್ಲ. ಈ ಸೀಮೆಯ ಅಶೋಕನ ಶಾಸನಪಾಠದಲ್ಲಿಯೂ 256 ಎಂಬ ಅಂಕಿಯಿದೆ. ಬುದ್ಧ ನಿರ್ವಾಣ ಹೊಂದಿ ಕಳೆದ ವರ್ಷಗಳಿವು ಎಂದು ಕೆಲವು ವಿದ್ವಾಂಸರು ವಾದಿಸಿದರು. ಚಕ್ರವರ್ತಿ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳು ಎಂದರು ಇನ್ನು ಕೆಲವರು. ಎರಡನೆಯ ವಾದ ಸರಿಯಾಗಿದ್ದರೆ 256ಕ್ಕೂ ಖಾಲಿ ಮನೆಗೂ ಇರುವ ಸಂಬಂಧ ಮೌರ್ಯರ ಕಾಲದಷ್ಟು ಹಳೆಯದು ಎಂದಾಯಿತು. ಇಷ್ಟು ಮುಖ್ಯವಾದ ಸಂಗತಿ ಈವರೆಗೆ ಯಾರ ಕಣ್ಣಿಗೂ ಬೀಳದಿರುವುದು ವಿಷಾದನೀಯ.

ಲಿಪಿ ಮತ್ತು ಲಿಪಿಕಾರ

ಈ ಸೀಮೆಯ ಶಾಸನಗಳನ್ನು ಬರೆದವನು ಚಪಡ. ಇಡೀ ಪಾಠವನ್ನು ಬ್ರಾಹ್ಮಿಯಲ್ಲಿ ಬರೆದವನು ಕೊನೆಗೆ ತನ್ನ ಉದ್ಯೋಗವನ್ನು ಹೇಳುವ ಪದವೊಂದನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದ. ಓದುವವರಿಗೆ ಅರ್ಥವಾಗಬಾರದೆಂದಲ್ಲ, ತನಗೆ ಅದೂ ಬರುತ್ತದೆಂದು ತೋರಿಸಲು ಎಂಬುದು ನಮ್ಮ ಊಹೆ. ಬಿಲ್ಲಿನ ಲಿಪಿಕಾರನೂ ಇದೇ ಪರಂಪರೆಯವನು. ‘ನಿಗದಿತ ಶುಲ್ಕ’, ‘ತೆರಿಗೆ’ ಎಂದು ಕನ್ನಡದಲ್ಲಿ ನಡೆದುಬಂದು, ದುಡ್ಡು ಹೆಚ್ಚಾಗುವ ಸಾಲಿನಲ್ಲಿ ಥಟ್ಟನೆ ‘ಎಫ್‌ಪಿಪಿಸಿಎ’ ಎನ್ನುತ್ತಾನೆ. ಇಂಧನದ ಮತ್ತು ವಿದ್ಯುತ್ ಖರೀದಿಯ ವೆಚ್ಚದ ಏರಿಳಿತವನ್ನು ಗ್ರಾಹಕರ ತಲೆಗೆ ಕಟ್ಟುವ ಬಾಬ್ತು ಇದು.

ಶೈಲಿಯಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಇದೇ ಶಾಸನಗಳಲ್ಲಿ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ, ಆಮೇಲೆ ವಿಷಯಕ್ಕೆ ಬರುತ್ತದೆ. ಬಿಲ್ಲು ಆರೋಗ್ಯ ಕೇಳುವುದಿಲ್ಲ; ಓದಿ ಮುಗಿಸಿದ ಮೇಲೆ ಅದು ಹೇಗಿರುತ್ತದೆಂದು ಅದಕ್ಕೆ ಗೊತ್ತು.

ಬಾಳಿಕೆಯ ವಿಚಾರಕ್ಕೆ ಬಂದರೆ, ಜಟಿಂಗ ರಾಮೇಶ್ವರದ ಬಂಡೆಯ ಬರಹ ಬಹಳ ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರರ ಗುಂಡು ಎಂದೇ ಹೆಸರು. ಎರಡು ಸಾವಿರ ವರ್ಷಕ್ಕೂ ಮೀರಿದ ಬಿಸಿಲು, ಮಳೆ, ಬಳೆ ಮಲಾರಗಳನ್ನು ತಾಳಿಕೊಂಡೂ ಅದು ಅಲ್ಲಲ್ಲಿ ಓದಲು ಸಿಗುತ್ತದೆ. ಶಾಖಕ್ಕೆ ಅಕ್ಷರ ಮೂಡುವ ಬಿಲ್ಲಿನ ಕಾಗದ ಚಳ್ಳಕೆರೆಯ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ತಕರಾರು ಮಾಡುವ ಹೊತ್ತಿಗೆ ದಾಖಲೆ ಬೆಳ್ಳಗಾಗಿರುತ್ತದೆ.

ಸಮಕಾಲೀನ ಶಾಸನಗಳು

ಕಾಲನಿರ್ಣಯಕ್ಕೆ 2023ರ ಜೂನ್ ತಿಂಗಳ ಗುಂಪನ್ನು ಗಮನಿಸಬೇಕು. ಆ ವರ್ಷದ ಮೇ 12ರಂದು ಹೊರಬಿದ್ದ ದರ ಏರಿಕೆಯ ಆದೇಶ ಏಪ್ರಿಲ್‌ನಿಂದಲೇ ಜಾರಿಯಾಯಿತು. ಹಿಂದಿನ ಬಾಕಿಯೂ ಇಂಧನ ವೆಚ್ಚವೂ ಒಟ್ಟಿಗೆ ಸೇರಿ ಬಂದ ಬಿಲ್ಲುಗಳಿಗೆ ರಾಜ್ಯವೇ ಬೆಚ್ಚಿತು. ಅದೇ ತಿಂಗಳು ಕೊಪ್ಪಳದಲ್ಲಿ ತಗಡಿನ ಮನೆಯ ಅಜ್ಜಿಯೊಬ್ಬರಿಗೆ ಲಕ್ಷ ರೂಪಾಯಿ ದಾಟಿದ ಬಿಲ್ಲು ಬಂತು. ಮೀಟರಿನ ದೋಷ, ಅಜ್ಜಿ ಕಟ್ಟಬೇಕಾಗಿಲ್ಲ ಎಂದು ಇಂಧನ ಸಚಿವ ಕೆ.ಜೆ. ಜಾರ್ಜ್ ಅವರೇ ಹೇಳಬೇಕಾಯಿತು. ಉಳ್ಳಾಲದ ಮನೆಯೊಂದಕ್ಕೆ ಬಂದದ್ದು ಏಳು ಲಕ್ಷ ಮೀರಿದ ಬಿಲ್ಲು. ತಿದ್ದಿದ ಮೇಲೆ ಅದು ಮೂರು ಸಾವಿರದೊಳಗೆ ಇಳಿಯಿತು. ಕಲ್ಲಿನ ಬರಹಕ್ಕೆ ಇಲ್ಲದ ಗುಣವೊಂದು ಇಲ್ಲಿ ಸಿದ್ಧವಾಯಿತು: ಓದುಗ ಜಗಳಕ್ಕೆ ನಿಂತರೆ ಈ ಶಾಸನ ಪಾಠ ಬದಲಿಸುತ್ತದೆ.

256ರ ಸಮಸ್ಯೆ: ನಾಲ್ಕು ಪಂಥಗಳು

ಮೊದಲನೆಯದು ಶೂನ್ಯವಾದ. ಯಾರೂ ಇಲ್ಲದ ಮನೆಗೆ ಬಿಲ್ಲು ಸೊನ್ನೆಯಿರಬೇಕು ಎಂಬುದು ಷಡ್ಡಕರ ಪಕ್ಷ. ಇದು ನಿಲ್ಲುವುದಿಲ್ಲ. 2025–26ರಲ್ಲಿ ಮನೆಗಳಿಗೆ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕವಿತ್ತು. ಮೂರು ಕಿಲೋವ್ಯಾಟಿನ ಮನೆಗೆ ದೀಪ ಹಚ್ಚಿದರೂ ಹಚ್ಚದಿದ್ದರೂ 435. ಗೃಹಜ್ಯೋತಿಯ ಆಸರೆಯೂ ಇಲ್ಲಿ ತೆಳು. ಆ ಯೋಜನೆ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, ಅಷ್ಟು ಕರೆಂಟನ್ನು ಉಚಿತವಾಗಿ ಕೊಡುತ್ತದೆ. ಆ ವರ್ಷವೂ ಬೀಗ ಹಾಕಿದ್ದ ಮನೆಯ ಸರಾಸರಿ ಸೊನ್ನೆ, ಸೊನ್ನೆಯ ಶೇ 10 ಕೂಡ ಸೊನ್ನೆ. ಗಣಿತದ ಈ ಕ್ರೌರ್ಯವನ್ನು ಕಂಡೋ ಏನೋ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇಕಡಾವಾರು ಬಿಟ್ಟು 10 ಯೂನಿಟ್ ಹೆಚ್ಚುವರಿ ಕೊಡಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಆದರೆ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 256 ದಾಟಿಯಾಗಿದೆ. 2025–26ರ ದರದಂತೆ ಯೂನಿಟ್ಟಿಗೆ 5.80 ಹಿಡಿದರೆ ಬಳಕೆಯ ಬಾಬ್ತೇ 1,484 ರೂಪಾಯಿ 80 ಪೈಸೆ. ಅದರ ಮೇಲೆ ಶೇ 9 ತೆರಿಗೆ.

ಎರಡನೆಯದು ಪಿಶಾಚವಾದ. ಮೊದಲ ಮಹಡಿಯ ಅಜ್ಜಿ ಇದರ ಪ್ರವರ್ತಕಿ: “ಖಾಲಿ ಬಿಟ್ಟ ಮನ್ಯಾಗೆ ಯಾರಾದ್ರೂ ಸೇರ್ಕೊಂತಾರೆ ಬಿಡಪ್ಪ.” ಸೇರಿಕೊಂಡವರು ಫ್ಯಾನು ಹಾಕಿಕೊಳ್ಳುತ್ತಾರೆಂಬುದಕ್ಕೆ ಪುರಾವೆ ಒದಗದ ಕಾರಣ ಈ ವಾದವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಮೂರನೆಯದು ಫ್ರಿಜ್‌ವಾದ. ಒಂದು ಬಾಟಲಿ ಉಪ್ಪಿನಕಾಯಿಗಾಗಿ ಓಡುತ್ತಿದ್ದ ಫ್ರಿಜ್ಜು ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸು, ಮಲಗಿದಂತೆ ನಟಿಸುವ ಟಿವಿ ಡಬ್ಬ ತಿಂಗಳಿಗೆ ಏಳು. ಎರಡೂ ಸೇರಿ ನಲವತ್ತರೊಳಗೆ. ಆದರೆ 30 ದಿನಕ್ಕೆ 256 ಯೂನಿಟ್ ಎಂದರೆ ಹಗಲೂ ಇರುಳೂ ಬಿಡದೆ ಸುಮಾರು 356 ವ್ಯಾಟ್ ಉರಿಯಬೇಕು. ಉಪ್ಪಿನಕಾಯಿಗೆ ಅಷ್ಟು ಸಾಮರ್ಥ್ಯವಿಲ್ಲ.

ನಾಲ್ಕನೆಯದು ಮೀಟರ್‌ದೋಷವಾದ. ಪರೀಕ್ಷೆ ಸರಳ. ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿ, ಕೆಳಗೆ ಹೋಗಿ ಮೀಟರಿನ ಕೆಂಪು ದೀಪ ನೋಡಬೇಕು. ಮಿನುಗು ನಿಂತರೆ ಕಳ್ಳ ಮನೆಯೊಳಗಿದ್ದಾನೆ. ಮಿನುಗುತ್ತಲೇ ಇದ್ದರೆ ಮೀಟರಿನಲ್ಲೋ ಮಧ್ಯದ ವೈರಿನಲ್ಲೋ ಇದ್ದಾನೆ. ಇಲ್ಲಿ ಮಿನುಗುತ್ತಲೇ ಇತ್ತು. ವೈರಿಂಗ್ ಕೆಲಸದ ಹುಡುಗ ವೈರು ಹಿಡಿದು ಹೊರಟು, ಕಟ್ಟಡದ ಹಿಂದೆ ನಿಂತು ಕೂಗಿದ: “ಸಾರ್, ನಿಮ್ ಮೀಟ್ರಿಂದ ಬೋರಿನ ಮೋಟ್ರಿಗೂ ಒಂದು ಲೈನ್ ಹೋಗೈತೆ!” ನೀರಿಗೆ ಪರದಾಡುವ ಊರಿನಲ್ಲಿ ಒಂದೂವರೆ ಎಚ್‌ಪಿ ಮೋಟಾರು ದಿನಕ್ಕೆ ಆರು ಗಂಟೆ ಓಡುವುದು ಅತಿಶಯವಲ್ಲ. ಲೆಕ್ಕ ಕೂಡಿತು.

ಶಾಸನದ ವರ್ಗೀಕರಣ

ಇಷ್ಟು ದಿನ ಕರೆಂಟ್ ಬಿಲ್ಲನ್ನು ಆಜ್ಞಾಶಾಸನವೆಂದೇ ಎಲ್ಲರೂ ಭಾವಿಸಿದ್ದರು. ಇದು ದಾನಶಾಸನವೆಂದು ನಾವು ಸ್ಥಾಪಿಸಿದ್ದೇವೆ. ದಾನಿ: ಊರಲ್ಲಿಲ್ಲದ ಷಡ್ಡಕರು. ಪ್ರತಿಗ್ರಹಿಗಳು: ಅಪಾರ್ಟ್‌ಮೆಂಟಿನ ಸಮಸ್ತ ಒಕ್ಕಲು. ದತ್ತಿ: ಓವರ್‌ಹೆಡ್ ಟ್ಯಾಂಕ್ ತುಂಬ ನೀರು. ಅವಧಿ: ಆಚಂದ್ರಾರ್ಕ, ಅಂದರೆ ಯಾರಾದರೂ ಮೇನ್ ಸ್ವಿಚ್ ಆಫ್ ಮಾಡಿ ನೋಡುವವರೆಗೆ. ದಾನಿಗೆ ದಾನದ ಅರಿವೇ ಇಲ್ಲದಿರುವುದು ಈ ದತ್ತಿಯ ವೈಶಿಷ್ಟ್ಯ. ಶಾಪಾಶಯದಲ್ಲೂ ಹೊಸತನವಿದೆ. ಹಳೆಯ ಶಾಸನಗಳಲ್ಲಿ ದಾನ ಅಳುಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಿದ್ದ. ಇಲ್ಲಿ ಶಾಪ ತಟ್ಟುವುದು ದಾನಿಗೇ, ಗಡುವಿನೊಳಗೆ ಕಟ್ಟದಿದ್ದರೆ ಅವನ ಫ್ಯೂಸು ಕೀಳುತ್ತಾರೆ.

ಆದರೆ ಶಾಪಕ್ಕೆ ವಿಮೋಚನೆಯೂ ಉಂಟು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ, ಬಾಕಿಗಾಗಿ ಕರೆಂಟ್ ಕಡಿಯುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ತಕರಾರಿದ್ದರೆ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಕಡಿಮೆಯದನ್ನು ಪ್ರತಿಭಟನೆಯೊಂದಿಗೆ ಕಟ್ಟಿದರೆ ವ್ಯಾಜ್ಯ ತೀರುವವರೆಗೆ ಕಡಿಯುವಂತಿಲ್ಲ. 42ನೇ ಕಲಮು ಗ್ರಾಹಕರ ಕುಂದುಕೊರತೆ ವೇದಿಕೆಯನ್ನೂ ಅದರ ಮೇಲೆ ಓಂಬುಡ್ಸ್‌ಮನ್ನರನ್ನೂ ಕೊಟ್ಟಿದೆ.

ನಿರ್ಣಯ

ಕೆರೆ ಕಟ್ಟುವವರಿಗೆ ದುಡಿದಷ್ಟೇ ಕೂಲಿ ಎಂದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಈ ನೆಲದಲ್ಲೇ ನೇಮ ಹಾಕಿಕೊಟ್ಟವರು. ಉರಿಸಿದಷ್ಟೇ ಕಾಸು ಎಂಬುದು ಅದರ ಸಹಜ ವಿಸ್ತರಣೆ. ಷಡ್ಡಕರು ಮೋಟಾರಿಗೆ ಬೇರೆ ಮೀಟರು ಹಾಕಿಸಲು ಹೇಳಿ, ಹಳೆಯ ಬಿಲ್ಲುಗಳನ್ನು ಒಕ್ಕಲಿನ ಮುಂದೆ ಹರಡಿದ್ದಾರೆ. ಬೀಗ ಹಾಕಿ ಊರು ಬಿಡುವ ಓದುಗರಲ್ಲಿ ಇಷ್ಟೇ ಅರಿಕೆ: ಹೊರಡುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ಕೆಳಗಿಳಿದು ಮೀಟರಿನ ಕೆಂಪು ದೀಪ ನೋಡಿ, ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ. ದೀಪ ಮಿನುಗುತ್ತಿದ್ದರೆ ವೈರು ಎಲ್ಲಿಗೆ ಹೋಗಿದೆ ನೋಡಿಸಿ. ಎಲ್ಲಿಗೂ ಹೋಗಿರದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಮೀಟರು ಪರೀಕ್ಷೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.