ಪೈಥಾನ್ ಕಲಿಯಾಕ ಹೊಂಟಾಂವ

ಹುಲಕೋಟಿಯ ಚಾದಂಗಡಿ. ಗಿರ್ಮಿಟ್‌ನ ಮೇಲಿದ್ದ ಮಿರ್ಚಿ ಮುರಿಯುತ್ತ ಕಾಕಾ ಕೇಳಿದರು:

“ಊರಾಗಿನ ರೂರಲ್ ಎಂಜಿನಿಯರಿಂಗ್ ಕಾಲೇಜಿನ್ಯಾಗ ಸಿವಿಲ್ ಮುಗಿಸಿದಾಂವ, ಮತ್ಯಾಕ ಬೆಂಗಳೂರಿಗೆ ಹೊಂಟೀಯಪಾ?”

“ಪೈಥಾನ್ ಕಲಿಯಾಕ. ಫೀ 70,000.”

“ನೌಕರಿ ಗ್ಯಾರಂಟಿ?”

“ಹುಡುಕಾಕ ಸಹಾಯ ಮಾಡ್ತಾರಂತ.”

2025ರಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಅದೇ ವರ್ಷ ಫೆಬ್ರವರಿಯಲ್ಲಿ ಇನ್ಫೋಸಿಸ್, ಒಳಪರೀಕ್ಷೆಯಲ್ಲಿ ನಪಾಸಾದ ತರಬೇತಿಯಲ್ಲಿದ್ದ ನೂರಾರು ಮಂದಿಯನ್ನು ಮೈಸೂರಿನಿಂದ ಮನೆಗೆ ಕಳಿಸಿತ್ತು. ಕೋರ್ಸಿನ ಬಣ್ಣದ ಕರಪತ್ರದಲ್ಲಿ ಮಾತ್ರ ಎಲ್ಲರೂ ಹಲ್ಲು ಕಿರಿದು ನಿಂತಿದ್ದರು, ಕೋಟು ಸಮೇತ.

“ಕಲತವರನ್ನ ಹೊರಗ ಹಾಕಾಕತ್ತಾರಲ್ಲೋ!”

“ಅವರ ಕುರ್ಚಿ ಖಾಲಿ ಆದವಲ್ಲ ಕಾಕಾ!”

“ಫೀ?”

“ಕೆಲಸ ಇಲ್ಲದವರಿಗೆ ಸರಕಾರ ಕೊಡೋ ಯುವನಿಧಿ ತಿಂಗಳಿಗೆ 3,000. ಎರಡು ವರ್ಷಕ್ಕ 72,000. ಕೆಲಸ ಸಿಗದಿದ್ರ 2,000 ಲಾಭ.”

“ಹಂಗಾದ್ರ ಮೊದಲ ಈ ಚಾದ ಉದ್ರಿ ತೀರಿಸು.”