ಉಗುರು ಹಸಿ ಇದೆ

ಮೈಸೂರಿನ ಯಾವ ಬಡಾವಣೆಗೆ ಹೋದರೂ ಅಲ್ಲೊಬ್ಬ ಬಣ್ಣದಕ್ಕ ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ನಿಮ್ಮ ಮನೆಯ ಬೆಲ್ಲನ್ನು ಬೆರಳಿನ ಗೆಣ್ಣಿನಿಂದ ಒತ್ತುತ್ತಾರೆ, ತಮ್ಮ ಮನೆಯ ಚಿಲಕವನ್ನು ಮೊಣಕೈಯಿಂದ ತೆಗೆಯುತ್ತಾರೆ. ಫೋನ್ ಬಂದರೆ ಮೂಗಿನ ತುದಿಯಿಂದ ಗುಂಡಿ ಒತ್ತಿ, ಮೇಜಿನ ಮೇಲೆ ಮಲಗಿರುವ ಫೋನಿನ ಕಡೆಗೆ ತಾವೇ ಬಾಗಿ ಮಾತಾಡುತ್ತಾರೆ. ಹಿರಿಯರಿಗೆ ಕೈ ಮುಗಿಯುವಾಗಲೂ ಬೆರಳು ಬೆರಳಿಗೆ ತಗುಲದಂತೆ ನಡುವೆ ಗಾಳಿಯಾಡಲು ಜಾಗ ಬಿಟ್ಟಿರುತ್ತಾರೆ. ಎದುರಿಗೆ ಬಂದವರ ಮುಖವನ್ನು ಮೊದಲು ನೋಡುವ ಅಭ್ಯಾಸ ಅವರಿಗಿಲ್ಲ. ಕೈ ನೋಡುತ್ತಾರೆ, ಒಂದು ನಿಟ್ಟುಸಿರು ಬಿಡುತ್ತಾರೆ, ಆಮೇಲೆ "ಚೆನ್ನಾಗಿದ್ದೀರಾ?" ಅನ್ನುತ್ತಾರೆ.

ನಮ್ಮ ಬೀದಿಯ ಬಣ್ಣದಕ್ಕನಿಗೆ ನಲವತ್ತು ದಾಟಿದೆ. ಯಜಮಾನರು ಬ್ಯಾಂಕಿನಲ್ಲಿ, ಮಗಳು ಪಿಯುಸಿಯಲ್ಲಿ, ಅತ್ತೆ ಹಾಲಿನ ದಿವಾನದ ಮೇಲೆ. ಮೊಟ್ಟೆ ತಿನ್ನದ ಮನೆ. ಹಾಗಾಗಿ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗೆಂದು ಇರುವ ಗುಳಿಗಳಲ್ಲಿ ನೇಲ್ ಪಾಲಿಶ್ ಶೀಶೆಗಳು ಸಾಲಾಗಿ ಕೂತಿವೆ. ತಂಪಿನಲ್ಲಿಟ್ಟರೆ ಬಣ್ಣ ಬೇಗ ಗಟ್ಟಿಯಾಗುವುದಿಲ್ಲವಂತೆ. ಕಾಫಿಗೆ ಹಾಲು ಹುಡುಕುತ್ತ ಆ ಬಾಗಿಲು ತೆಗೆದ ನೆಂಟರೊಬ್ಬರು ಗಾಬರಿಯಾಗಿ, "ಏನಮ್ಮಾ, ಯಾರಿಗೆ ಇಷ್ಟೊಂದು ಹೋಮಿಯೋಪತಿ?" ಎಂದು ಕೇಳಿದ್ದರು.

"ಪಾರ್ಲರಿಗೆ ಹೋಗಿ ದುಡ್ಡು ಯಾಕ್ರೀ ಸುರೀಬೇಕು? ಎಲ್ಲಾ ಮನೇಲೇ ಇದೆ" ಎಂಬುದು ಬಣ್ಣದಕ್ಕನ ಮೂಲಮಂತ್ರ. ಮಾತು ನಿಜ. ಎಲ್ಲವೂ ಮನೆಯಲ್ಲೇ ಇದೆ, ಇದ್ದ ಜಾಗದಲ್ಲಿ ಮಾತ್ರ ಇಲ್ಲ. ಅತ್ತೆಯ ತುರುಬಿನ ಪಿನ್ನು ಚುಕ್ಕಿ ಇಡುವ ಕೆಲಸಕ್ಕೆ ಹೋಯಿತು. ಅದರ ಗುಂಡು ತುದಿಯನ್ನು ಬಣ್ಣಕ್ಕೆ ಅದ್ದಿ ಉಗುರಿಗೆ ಮುಟ್ಟಿಸಿದರೆ ಅಚ್ಚುಕಟ್ಟಾದ ಬೊಟ್ಟು ಬೀಳುತ್ತದೆ. ಇನ್ನೂ ಸಣ್ಣ ಬೊಟ್ಟಿಗೆ ಯಜಮಾನರ ಬಾಲ್ ಪೆನ್ನು, ಅದು ಖಾಲಿಯಾಗಿರಲೇಬೇಕೆಂಬ ನಿಯಮವೇನೂ ಇಲ್ಲ. ಗೆರೆ ಎಳೆಯಲು ಹಲ್ಲುಕಡ್ಡಿ. ಎರಡು ಬಣ್ಣಗಳ ನಡುವಿನ ಅಂಚು ನೇರವಾಗಿ ಬರಲು ಮಗಳ ಪ್ರಾಜೆಕ್ಟಿಗೆ ತಂದ ಸೆಲ್ಲೋ ಟೇಪು. ಒಂದು ಬಣ್ಣ ಇನ್ನೊಂದರೊಳಗೆ ಕರಗಿ ಹೋದಂತೆ ಕಾಣಬೇಕಾದರೆ ಪಾತ್ರೆ ತಿಕ್ಕುವ ಸ್ಪಾಂಜಿನ ಮೂಲೆಯೊಂದನ್ನು ಕತ್ತರಿಸಿಕೊಳ್ಳುತ್ತಾರೆ. ಅದರ ಮೇಲೆ ಹಳದಿ, ಕಿತ್ತಳೆ, ಗುಲಾಬಿ ಪಟ್ಟೆಗಳನ್ನು ಪಕ್ಕಪಕ್ಕ ಬಳಿದು ಉಗುರಿನ ಮೇಲೆ ಮೆಲ್ಲಗೆ ಒತ್ತೊತ್ತಿ ತೆಗೆದರೆ ಚಾಮುಂಡಿ ಬೆಟ್ಟದ ಸೂರ್ಯಾಸ್ತವಂತೆ. ಬಣ್ಣ ಚರ್ಮಕ್ಕೆ ಮೆತ್ತದಿರಲೆಂದು ಉಗುರಿನ ಸುತ್ತ ಮೊದಲೇ ಫೆವಿಕಾಲ್ ಸವರಿ ಒಣಗಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಎಳೆದರೆ ಹೊರಗೆ ಚೆಲ್ಲಿದ ಬಣ್ಣವೆಲ್ಲ ಅದರೊಂದಿಗೇ ಎದ್ದು ಬರುತ್ತದೆ. ಇದೊಂದು ಉಪಾಯಕ್ಕೆ ಮಾತ್ರ ನಾನೂ ತಲೆದೂಗಿದ್ದೇನೆ.

ಕದ್ದ ಸಾಮಾನಿಗೆ ಪ್ರತಿಯಾಗಿ ಬಣ್ಣವೂ ಮನೆಗೆ ಸಂದಿದೆ ಎನ್ನಬೇಕು. ಸತ್ಯನಾರಾಯಣ ಪೂಜೆಗೆ ಅಕ್ಕಪಕ್ಕದವರಿಗೆ ಎರವಲು ಕೊಡುವ ಕೊಳಗ, ಸೌಟುಗಳ ತಳದಲ್ಲಿ ಗುರುತಿಗೆಂದು ನೇರಳೆ ಬೊಟ್ಟಿದೆ. ಬೀರುವಿನ ಕೀಲಿಗೆ ಹಸಿರು, ದೇವರ ಮನೆಯ ಕೀಲಿಗೆ ಕೆಂಪು. ಯಜಮಾನರು ಸ್ಕೂಟರಿನ ಗೀರುಗಳನ್ನು ಮುಚ್ಚುವುದೂ ಇದರಿಂದಲೇ. ಅವರ ಸ್ಕೂಟರು ನೀಲಿ, ಗೀರು ಮುಚ್ಚಿದ ಬಣ್ಣ ಅದಕ್ಕೆ ಹತ್ತಿರದ ಇನ್ನೊಂದು ನೀಲಿ, ಅದರ ಮೇಲೆ ಚಮಕಿ. "ಕಾರಿಗೆ ಬಳೀತಿದ್ದ ಬಣ್ಣಾನೂ ಇದೂ ಒಂದೇ ಜಾತಿ ಕಣ್ರೀ" ಎಂದು ಬಣ್ಣದಕ್ಕ ಧೈರ್ಯ ಹೇಳುತ್ತಾರೆ. ಇದೂ ಸುಳ್ಳಲ್ಲ. 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬಂದ, ಬೇಗ ಒಣಗುವ ಹೊಳಪು ಬಣ್ಣಕ್ಕೆ ಆಧಾರವಾಗಿದ್ದ ನೈಟ್ರೊಸೆಲ್ಯುಲೋಸೇ ಇವತ್ತಿಗೂ ಉಗುರಿನ ಮೇಲೆ ಪೊರೆಯಾಗಿ ನಿಲ್ಲುವುದು. ಜೊತೆಗಿರುವ ದ್ರಾವಕ ಆವಿಯಾಗಿ ಹೋಗುತ್ತದೆ, ಮೂಗಿಗೆ ಹೊಡೆಯುವ ವಾಸನೆ ಅದರದು. ಅದೇ ನೈಟ್ರೊಸೆಲ್ಯುಲೋಸನ್ನು ಇನ್ನಷ್ಟು ಖಾರ ಮಾಡಿದರೆ ಬಂದೂಕಿನ ಮದ್ದು. ಇದನ್ನು ಕೇಳಿದಂದಿನಿಂದ ಅತ್ತೆ, ಸೊಸೆ ಶೀಶೆ ಬಿಚ್ಚಿದ ಕೂಡಲೇ ಎದ್ದು ಹೋಗಿ ದೇವರ ದೀಪವನ್ನು ಶಾಂತ ಮಾಡಿ ಬರುತ್ತಾರೆ. ಅದು ಭಯವೋ ವ್ಯಂಗ್ಯವೋ ನಮಗೆ ಯಾರಿಗೂ ತಿಳಿದಿಲ್ಲ. ಏನೇ ಇರಲಿ, ಹತ್ತಿರ ಬೆಂಕಿ ಇಡಬಾರದೆಂಬುದು ಸರಿಯೇ.

ಬಣ್ಣದಕ್ಕನ ಎಡಗೈ ರಾಜಾ ರವಿವರ್ಮ, ಬಲಗೈ ಬಾಲವಾಡಿ. ಬಲಗೈಯಿಂದ ಎಡಗೈಗೆ ಬರೆದದ್ದು ಚೆನ್ನಾಗಿ ಬರುತ್ತದೆ. ಎಡಗೈಯಿಂದ ಬಲಗೈಗೆ ಬರೆಯುವ ಹೊತ್ತಿಗೆ ಕೈ ನಡುಗಿ, ನವಿಲುಗರಿಯೆಂದು ಶುರುವಾದದ್ದು ಹುಣಸೆಬೀಜದಲ್ಲಿ ಮುಗಿಯುತ್ತದೆ. ಹೀಗಾಗಿ ಅವರ ಸ್ಟೇಟಸ್ಸಿನಲ್ಲಿ ಬರುವ ಫೋಟೊಗಳೆಲ್ಲ ಎಡಗೈಯವು. ಮದುವೆ ಮನೆಯಲ್ಲಿ ಬಲಗೈ ಸೆರಗಿನಡಿ ಇರುತ್ತದೆ, ಊಟಕ್ಕೆ ಕೂತಾಗ ಮಾತ್ರ ಹೊರಬರುತ್ತದೆ. ಬಂದ ಕೂಡಲೇ ಸಾರಿನ ಅರಿಸಿನ ಅದನ್ನು ಹಿಡಿದುಕೊಳ್ಳುತ್ತದೆ. ತಿಳಿ ಗುಲಾಬಿ, ಬಿಳಿ, ಲ್ಯಾವೆಂಡರ್ ಇವೆಲ್ಲ ಚಮಚದಲ್ಲಿ ಉಣ್ಣುವ ದೇಶದ ಬಣ್ಣಗಳು. ಕೈಯಲ್ಲಿ ಕಲಸಿ ಉಣ್ಣುವ ನಮ್ಮಲ್ಲಿ ಎರಡು ಊಟಕ್ಕೆ ಎಲ್ಲವೂ ಹಳದಿಗೆ ತಿರುಗುತ್ತವೆ. ಮೇಲೆ ಒಂದು ಟಾಪ್ ಕೋಟ್ ಎಳೆದರೆ ಸ್ವಲ್ಪ ತಡೆಯುತ್ತದೆ. ಪೂರ್ತಿ ತಡೆಯುವಂಥ ಟಾಪ್ ಕೋಟನ್ನು ನಮ್ಮ ಹುಳಿಯ ಎದುರು ಯಾರೂ ಇನ್ನೂ ತಯಾರಿಸಿದಂತಿಲ್ಲ. ಇನ್ನು ಚಪಾತಿ ಹಿಟ್ಟು ನಾದುವ ದಿನ ಉಗುರಿನ ಚಮಕಿ ಎಲ್ಲಿ ಹೋಯಿತೆಂದು ಯಜಮಾನರು ಕೇಳುವುದಿಲ್ಲ. ಬೆಳಕಿಗೆ ಹಿಡಿದು ನೋಡಿ ತಿನ್ನುತ್ತಾರೆ.

ಎಲ್ಲ ವಿದ್ಯೆಗಳಲ್ಲೂ ಬಣ್ಣದಕ್ಕನಿಗೆ ಪ್ರಿಯವಾದದ್ದು ನೀರಿನ ಮೇಲಿನ ಬಣ್ಣ, ಅವರ ಭಾಷೆಯಲ್ಲಿ ವಾಟರ್ ಮಾರ್ಬಲ್. ಅದಕ್ಕೊಂದು ಲೋಟ ಬೇಕು. ನೀರು ತೀರಾ ತಣ್ಣಗಿರಬಾರದು, ಬಿಸಿಯೂ ಇರಬಾರದು, ಕೋಣೆಯ ಹದಕ್ಕೆ ನಿಂತಿರಬೇಕು. ಒಂದು ಹನಿ ಬಣ್ಣ ಬಿಟ್ಟರೆ ಅದು ನೀರಿನ ಮೇಲೆ ತೆಳ್ಳಗೆ ಹರಡುತ್ತದೆ. ಅದರ ನಟ್ಟನಡುವೆ ಇನ್ನೊಂದು ಬಣ್ಣದ ಹನಿ, ಅದರೊಳಗೆ ಮತ್ತೊಂದು, ವೃತ್ತದೊಳಗೆ ವೃತ್ತ. ಹಲ್ಲುಕಡ್ಡಿಯಿಂದ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಎಳೆದರೆ ಹೂವು, ಅಲೆ, ಜೇಡರ ಬಲೆ. ಬೆರಳನ್ನು ಮಟ್ಟಸವಾಗಿ ಅದರೊಳಗೆ ಇಳಿಸಿ, ನೀರಿನ ಮೇಲೆ ಉಳಿದ ಪೊರೆಯನ್ನು ಕಡ್ಡಿಗೆ ಸುತ್ತಿ ತೆಗೆದು, ಆಮೇಲೆ ಬೆರಳು ಎತ್ತಬೇಕು. ಇಷ್ಟನ್ನೂ ಬೇಗ ಮಾಡಬೇಕು, ತಡವಾದರೆ ಪೊರೆ ಗಟ್ಟಿಯಾಗಿ ಕಡ್ಡಿಗೇ ಸುತ್ತಿಕೊಳ್ಳುತ್ತದೆ. ಹಳೆಯ, ಅಂಟಾದ ಬಣ್ಣ ಹರಡದೆ ಸೀದಾ ತಳ ಸೇರುತ್ತದೆ. ಬಣ್ಣದಕ್ಕ ಇದಕ್ಕೆ ಕಾರಣವನ್ನು ಬಣ್ಣದಲ್ಲಿ ಹುಡುಕುವುದಿಲ್ಲ. "ಇವತ್ತು ಬೋರ್ ನೀರು ಬಿಟ್ಟಿದಾರೆ, ಕಾವೇರಿ ನೀರಿಗೇ ಇದು ಕೂತ್ಕೊಳ್ಳೋದು" ಅನ್ನುತ್ತಾರೆ. ಕಾವೇರಿಗಾಗಿ ಎರಡು ರಾಜ್ಯಗಳು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಇದೊಂದು ಸೇರಿಲ್ಲ.

ಆ ಲೋಟ ಮಾವನವರು ಕಾಫಿ ಕುಡಿಯುತ್ತಿದ್ದ ಹಿತ್ತಾಳೆ ಲೋಟ. ಈಗ ಅದರ ಒಳಸುತ್ತಿನಲ್ಲಿ ಏಳು ಬಣ್ಣದ ಉಂಗುರಗಳಿವೆ, ಷೋಕೇಸಿನಲ್ಲಿದೆ.

ಹಬ್ಬ ಬಂದರೆ ಬಣ್ಣದಕ್ಕನ ಬೆರಳುಗಳೇ ಪಂಚಾಂಗ. ನವೆಂಬರ್ 1ಕ್ಕೆ ಅರಿಸಿನ ಕುಂಕುಮ, ಸಂಕ್ರಾಂತಿಗೆ ಕಬ್ಬಿನ ಹಸಿರು, ವರಮಹಾಲಕ್ಷ್ಮಿಗೆ ಹೆಬ್ಬೆರಳಲ್ಲಿ ಚುಕ್ಕಿ ರಂಗೋಲಿ. ರಂಗೋಲಿ ಮಾತ್ರ ನಿಜಕ್ಕೂ ಚಂದ. ಪಿನ್ನಿನ ತುದಿಯಿಂದ ಇಟ್ಟ ಬಿಳಿ ಚುಕ್ಕಿಗಳು, ಅವುಗಳ ಸುತ್ತ ಬಳಸಿದ ಎಳೆ, ಅಂಗಳದಲ್ಲಿ ಇಡುವಷ್ಟೇ ಲೆಕ್ಕ. ದಸರಾಕ್ಕೆ ಅಂಬಾರಿ ಬರೆಯುವ ಆಸೆ ಪ್ರತಿವರ್ಷವೂ ಹುಟ್ಟುತ್ತದೆ. ಉಗುರಿನ ಅಗಲ ಒಂದು ಸೆಂಟಿಮೀಟರು, ಅಂಬಾರಿಯ ತೂಕವೇ 750 ಕಿಲೋ ಅನ್ನುತ್ತಾರೆ. ಒಮ್ಮೆ ಬರೆದಾಗ ಆನೆ ಇಡ್ಲಿಯ ಹಾಗೆ ಕಂಡಿತು. "ಸೊಂಡಿಲು ಪಕ್ಕದ ಬೆರಳಲ್ಲಿದೆ" ಎಂದು ಕೈ ಜೋಡಿಸಿ ತೋರಿಸಿದರು.

ಮತದಾನದ ದಿನವೂ ಅವರಿಗೆ ಹಬ್ಬವೇ. 2024ರ ಏಪ್ರಿಲ್ 26ರಂದು ಮೈಸೂರಿನಲ್ಲಿ ಲೋಕಸಭೆಗೆ ಮತ ಹಾಕಿದೆವಲ್ಲ, ಅಂದು ಬಣ್ಣದಕ್ಕ ಒಂಬತ್ತು ಉಗುರುಗಳಿಗೆ ಕೇಸರಿ, ಬಿಳಿ, ಹಸಿರು ಬಳಿದು, ಎಡಗೈ ತೋರುಬೆರಳನ್ನು ಖಾಲಿ ಬಿಟ್ಟುಕೊಂಡು ಬಂದಿದ್ದರು. ಹತ್ತನೆಯ ಉಗುರು ಸರಕಾರದ್ದು! ಮತಗಟ್ಟೆಯಲ್ಲಿ ಹಚ್ಚುವ ಶಾಯಿ ನಮ್ಮೂರಿನದೇ ಆದ್ದರಿಂದ ಅವರಿಗೆ ಅದರ ಮೇಲೆ ತವರಿನ ಅಭಿಮಾನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಅಲ್ಲಿನ ಶಾಯಿಯೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿ ಕಪ್ಪಾಗಿ ಹಿಡಿದುಕೊಳ್ಳುತ್ತದೆ. ರಿಮೂವರಿನಲ್ಲಿರುವ ಅಸಿಟೋನು ಪೊರೆಯಾಗಿ ಕೂತ ಪಾಲಿಶನ್ನು ಕರಗಿಸುತ್ತದೆಯೇ ಹೊರತು ಇದನ್ನು ಅಲ್ಲಾಡಿಸಲಾರದು. ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರು ಬೆಳೆಯುತ್ತದೆ. ಬೆಳೆದು ಕತ್ತರಿಗೆ ಸಿಕ್ಕಾಗಲೇ ಬಿಡುಗಡೆ. ಇಷ್ಟೆಲ್ಲ ಗೌರವವಿದ್ದರೂ ಮತಗಟ್ಟೆಯ ಅಧಿಕಾರಿ ಗೆರೆ ಎಳೆದಾಗ ಬಣ್ಣದಕ್ಕನಿಗೆ ತಡೆಯಲಾಗಲಿಲ್ಲ.

"ಸಾರ್, ಬೇಸ್ ಕೋಟ್ ಹಾಕಲ್ವಾ?"

"ಮುಂದೆ ಹೋಗಮ್ಮಾ."

"ಗೆರೆ ಸ್ವಲ್ಪ ಸೊಟ್ಟ ಬಂತು ಸಾರ್. ನಂಗೆ ಕೊಡಿ, ನಾನೇ ಎಳ್ಕೊತೀನಿ."

ಹಿಂದೆ ಸಾಲಿನಲ್ಲಿದ್ದವಳು ನಾನು. ಗುರುತಿನವಳೆಂದು ತೋರಿಸಿಕೊಳ್ಳಲಿಲ್ಲ.

ಇಷ್ಟು ವರ್ಷ ಅತ್ತೆ ಈ ಉಗುರಿನ ಕಾರಬಾರನ್ನು ಹೇಗೆ ಸಹಿಸಿಕೊಂಡರು ಎಂಬುದು ನನಗೆ ಒಗಟಾಗಿತ್ತು. ಅಷ್ಟು ಕಟ್ಟುನಿಟ್ಟಿನ ಹೆಂಗಸು ಸಂಜೆ ಹೊತ್ತು ಬಾಚಣಿಗೆ ಮುಟ್ಟಲು ಬಿಡುವುದಿಲ್ಲ. ಒಂದು ಆಷಾಢದಲ್ಲಿ ಅವರೇ ಬಾಯಿಬಿಟ್ಟರು. ಅವರ ಕಾಲದಲ್ಲಿ ಗೋರಂಟಿ ಸೊಪ್ಪನ್ನು ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿ, ಹತ್ತು ಬೆರಳ ತುದಿಗೂ ಟೊಪ್ಪಿಗೆ ಹಾಕಿ, ಮೇಲೆ ಬಟ್ಟೆ ಸುತ್ತಿ ಮಲಗುತ್ತಿದ್ದರಂತೆ. ಆಷಾಢದಲ್ಲಿ ಹಚ್ಚಿದ ಕೆಂಪು ದಸರಾ ಹೊತ್ತಿಗೆ ಉಗುರಿನ ತುದಿಯಲ್ಲಿ ಅರ್ಧಚಂದ್ರವಾಗಿ ನಿಂತಿರುತ್ತಿತ್ತಂತೆ.

"ಆ ರಾತ್ರಿ ಕೈಯಲ್ಲಿ ಕೆಲಸ ಇಲ್ಲ ನೋಡು. ನೀರು ಬೇಕು ಅಂದ್ರೆ ಯಾರಾದ್ರೂ ಕುಡಿಸ್ಬೇಕು, ಅನ್ನ ಯಾರಾದ್ರೂ ಕಲಸಿ ತಿನ್ನಿಸ್ಬೇಕು. ವರ್ಷದಲ್ಲಿ ಅದೊಂದು ರಾತ್ರಿ" ಎಂದು ಹೇಳಿ, ಸೊಸೆಯ ಕಡೆ ತಿರುಗಿ, "ಇವಳು ಅದನ್ನ ವಾರಾವಾರ ಮಾಡ್ಕೊಂಡ್ಳು" ಅಂದರು.

ಬಣ್ಣದಕ್ಕ ತಲೆ ಎತ್ತದೆ ಕಿರುಬೆರಳಿಗೆ ಎರಡನೆಯ ಕೋಟ್ ಎಳೆಯುತ್ತಿದ್ದರು. ನನಗೆ ಆಗ ಅವರ ಲೆಕ್ಕಾಚಾರ ಅರ್ಥವಾಗತೊಡಗಿತು. ಒಂದು ಬಣ್ಣವಾದರೆ ಒಂದು ಸಲ ಒಣಗಿಸಿದರೆ ಮುಗಿಯಿತು. ಐದು ಬಣ್ಣ ಬೇಕಾದರೆ ಬೇಸ್ ಕೋಟ್ ಒಣಗಬೇಕು, ಅದರ ಮೇಲಿನ ಬಿಳಿ ಒಣಗಬೇಕು, ಪ್ರತಿ ಬಣ್ಣವೂ ತೆಳ್ಳಗೆ ಎರಡು ಸಲ ಆಗಬೇಕು, ಪ್ರತಿ ಸಲವೂ ಒಣಗಬೇಕು, ಕೊನೆಗೆ ಟಾಪ್ ಕೋಟ್. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿ ಉಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಅಚ್ಚೊತ್ತಿರುತ್ತದೆ. ಇದೆಲ್ಲ ಶಾಸ್ತ್ರೋಕ್ತವಾಗಿ ಆಗುವಷ್ಟು ಹೊತ್ತು ಕುಕ್ಕರನ್ನು ಮಗಳು ಇಳಿಸುತ್ತಾಳೆ, ಒಗೆದ ಬಟ್ಟೆಯನ್ನು ಯಜಮಾನರು ಹರವುತ್ತಾರೆ, ಕೊರಿಯರಿನವನಿಗೆ ಅತ್ತೆ ಸಹಿ ಹಾಕುತ್ತಾರೆ. ಯಾರು ಏನು ಕೇಳಿದರೂ ಒಂದೇ ಉತ್ತರ: "ಉಗುರು ಹಸಿ ಇದೆ." ತಲೆನೋವು ಅಂದರೆ ಮಾತ್ರೆ ಕೊಡುತ್ತಾರೆ, ಸುಸ್ತು ಅಂದರೆ ಯಾರಿಗಿಲ್ಲ ಸುಸ್ತು ಅನ್ನುತ್ತಾರೆ, ಹಸಿ ಉಗುರಿಗೆ ಎದುರು ಮಾತು ಇಲ್ಲ. ಅಳಿಸುವ ದಿನವೂ ಅಷ್ಟೇ: ಚಮಕಿ ಸುಲಭಕ್ಕೆ ಬಿಡುವುದಿಲ್ಲ, ರಿಮೂವರಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯಿಂದ ಹತ್ತೂ ಬೆರಳು ಕಟ್ಟಿಕೊಂಡು ಹತ್ತು ನಿಮಿಷ ಕೂರಬೇಕು. ಕೂತಲ್ಲಿಗೆ ಕಾಫಿ ಬರುತ್ತದೆ, ಸ್ಟ್ರಾ ಸಮೇತ.

ಅವರ ಗಂಡ ಒಂದು ಹುಟ್ಟುಹಬ್ಬಕ್ಕೆ, ನಿಮಿಷದಲ್ಲಿ ಬಣ್ಣ ಗಟ್ಟಿಯಾಗುವ ಜೆಲ್ ಪಾಲಿಶ್ಶನ್ನೂ ಅದರ ಯುವಿ ದೀಪವನ್ನೂ ತಂದುಕೊಟ್ಟರು. ಬಣ್ಣದಕ್ಕ ತುಂಬ ಸಂತೋಷಪಟ್ಟು ಅದನ್ನು ಅಟ್ಟದ ಮೇಲೆ ಇಟ್ಟಿದ್ದಾರೆ.

ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರ ಮನೆಯ ಬೆಲ್ ಒತ್ತಬೇಡಿ. ಒತ್ತಲೇಬೇಕಾಗಿ ಬಂದರೆ ಯಜಮಾನರು ಬಂದು ಬಾಗಿಲು ತೆಗೆಯುವವರೆಗೆ ಕಾಯಿರಿ. ಕಾಫಿ ಬೇಕಿದ್ದರೆ ಅವರನ್ನೇ ಕೇಳಿ, ಈಗ ಡಿಕಾಕ್ಷನ್ ಚೆನ್ನಾಗಿ ಇಳಿಸುತ್ತಾರೆ.