‘ನನ್ನ ಆಯುಸ್ಸು ಒಂದೇ ಊಟ’

ಅಥೆನ್ಸ್‌ನ ಪ್ಸಿರಿ ಬಡಾವಣೆ, ರಾತ್ರಿ ಒಂಬತ್ತೂವರೆ. ಜೇಬಿಗೆ ಭಾರವಾಗದ ಒಂದು ತವೆರ್ನಾ, ಅಂದರೆ ಗ್ರೀಕ್ ಊಟದ ಹೋಟೆಲು. ಮಾಣಿ ಬಂದು ಮೇಜಿನ ಮೇಲೆ ಕಾಗದದ ಹಾಸನ್ನು ಬೀಸಿ ಹರಡಿ, ಗಾಳಿಗೆ ಹಾರದಂತೆ ನಾಲ್ಕೂ ಬದಿಗೆ ಕ್ಲಿಪ್ ಸಿಕ್ಕಿಸಿ ಹೋದ. ಅಗ್ಗದ ಊಟದ ಬಗ್ಗೆ ಮಾಲೀಕರು ಹೊಗಳುತ್ತಾರೆ, ಗಿರಾಕಿಗಳು ಗೊಣಗುತ್ತಾರೆ. ಎರಡನ್ನೂ ಮೈಮೇಲೆ ಹಾಕಿಕೊಂಡು ಕೇಳುವ ಸಾಕ್ಷಿ ಈ ಹಾಸು. ‘ಬೇಗ ಮುಗಿಸಬೇಕು’ ಎಂಬ ಷರತ್ತಿನ ಮೇಲೆ ಅದು ಮಾತಿಗೆ ಒಪ್ಪಿತು.

ನಾನು: ಅಷ್ಟೇನು ಅವಸರ?

ಹಾಸು: ನೀವು ಎದ್ದ ಕೂಡಲೇ ಎಲುಬು, ನಿಂಬೆ ಸಿಪ್ಪೆ, ಆಲಿವ್ ಬೀಜಗಳ ಸಮೇತ ನನ್ನನ್ನು ಮುದುಡಿ ಕಸಕ್ಕೆ ಎಸೆಯುತ್ತಾರೆ. ನಮ್ಮ ಕುಲದಲ್ಲಿ ಎರಡನೇ ಊಟ ಕಂಡವರಿಲ್ಲ.

ನಾನು: ನಮ್ಮ ಕಡೆ ಬಾಳೆ ಎಲೆಗೂ ಇದೇ ಪಾಡು.

ಹಾಸು: ಎಲೆಗಾದರೂ ಹಿತ್ತಿಲಲ್ಲಿ ಹಸು ಕಾದಿರುತ್ತದಂತೆ. ಇಲ್ಲಿನ ಬೆಕ್ಕು ಮೀನನ್ನಷ್ಟೇ ಮೂಸಿ ಹೋಗುತ್ತದೆ, ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

ನಾನು: ಅಲ್ಲ, ನಾವು ಬ್ರೆಡ್ ಕೇಳಲೇ ಇಲ್ಲ. ಬುಟ್ಟಿ ತುಂಬ ತಂದಿಟ್ಟಿದ್ದಾರೆ!

ಹಾಸು: ಮೇಜಿಗೆ ಬಂದಿದೆ, ಬಿಲ್ಲಿಗೂ ಬರುತ್ತದೆ. ‘ಕುವೆರ್’ ಅಂತ ತಲೆಗೆ ಒಂದು ಯೂರೋ ಆಸುಪಾಸು. ಬೇಡವಾದರೆ ಈಗಲೇ ಹೇಳಿ ಕಳಿಸಿ. ಪ್ರವಾಸಿಗರು ಹಾಗೆ ಕಳಿಸುವುದೂ ಇಲ್ಲ, ತಿನ್ನುವುದೂ ಇಲ್ಲ, ಮುಖ ಗಂಟಿಕ್ಕಿಕೊಂಡು ಕೂರುತ್ತಾರೆ. ಹೊರಿಯಾತಿಕಿ ಸಲಾಡ್ ಮುಗಿದ ಮೇಲೆ ತಟ್ಟೆಯ ತಳದಲ್ಲಿ ಟೊಮೆಟೊ ರಸ, ಆಲಿವ್ ಎಣ್ಣೆ, ಒರೆಗಾನೊ, ಫೆಟಾ ಚೂರು ಬೆರೆತು ನಿಂತಿರುತ್ತದೆ. ಅದಕ್ಕೆ ಬ್ರೆಡ್ ಅದ್ದಿ ಬಾಯಿಗಿಟ್ಟರೆ ಕೊಟ್ಟ ಯೂರೋ ವಸೂಲು.

ನಾನು: ಸಲಾಡಿನಲ್ಲಿ ಸೊಪ್ಪೇ ಕಾಣಲಿಲ್ಲವಲ್ಲ?

ಹಾಸು: ಲೆಟ್ಯೂಸ್ ಹಾಕಿ ಗುಡ್ಡೆ ಮಾಡುವುದು ವಿದೇಶದ ಗ್ರೀಕ್ ಹೋಟೆಲುಗಳ ಚಾಳಿ. ಇಲ್ಲಿ ಟೊಮೆಟೊ, ಸೌತೆ, ಈರುಳ್ಳಿ, ದೊಣ್ಣೆಮೆಣಸು, ಆಲಿವ್, ಮೇಲೊಂದು ಫೆಟಾ ಹಲಗೆ. ಆ ಫೆಟಾ ಕುರಿಹಾಲಿನದು, ಹೆಚ್ಚೆಂದರೆ ಶೇ 30ರಷ್ಟು ಮೇಕೆಹಾಲು ಸೇರಬಹುದು. ಹಸುವಿನ ಹಾಲಿನಲ್ಲಿ ಮಾಡಿ ಅದೇ ಹೆಸರಿನಲ್ಲಿ ಮಾರುತ್ತಿದ್ದ ಡೆನ್ಮಾರ್ಕಿನವರ ಜೊತೆ ಕಚ್ಚಾಡಿ, 2005ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ ಹೆಸರು ಅದು. ಸಾಲದ ವಿಷಯದಲ್ಲಿ ಯುರೋಪಿನೆದುರು ಸೋತಿದ್ದೇವೆ ನಿಜ. ಚೀಸಿನ ವಿಷಯದಲ್ಲಿ ಸೋತಿಲ್ಲ.

ನಾನು: ಮುಸಾಕಾ ತರಿಸಿದ್ದೇನೆ. ಸಾಕ್ರೆಟಿಸ್ ತಿಂದ ತಿಂಡಿ ಅಂತ ಗೈಡ್ ಹೇಳಿದ.

ಹಾಸು: ಸಾಕ್ರೆಟಿಸ್ ವಿಷ ಕುಡಿದದ್ದು ಖಚಿತ, ಮುಸಾಕಾ ತಿಂದಿಲ್ಲ. ಬದನೆ ನಿಮ್ಮ ಭರತಖಂಡದ ಕಡೆಯದು, ಟೊಮೆಟೊ ಅಮೆರಿಕದ್ದು. ಮೇಲಿನ ಬಿಳಿ ಬೆಷಮೆಲ್ ಸಾಸ್ ಫ್ರೆಂಚರದು, ಅದನ್ನು ಇಪ್ಪತ್ತನೇ ಶತಮಾನದಲ್ಲಿ ಇಲ್ಲಿ ರೂಢಿಗೆ ತಂದವರು ಚೆಲೆಮೆಂತೆಸ್ ಎಂಬ ಬಾಣಸಿಗರು. ಇವೆಲ್ಲ ಒಲೆಯಲ್ಲಿ ಒಂದಾಗಿ ಹೊರಬಂದರೆ ‘ಪ್ರಾಚೀನ ಗ್ರೀಕ್ ಖಾದ್ಯ’. ರೇಟಿನಲ್ಲಿ ಪ್ರಾಚೀನತೆಯೂ ಸೇರಿದೆ.

ನಾನು: ನಮ್ಮ ಕಡೆಯ ಸಸ್ಯಾಹಾರಿಗಳ ಗತಿ?

ಹಾಸು: ಅವರ ಗತಿಯನ್ನು ಟೂರ್ ಕಂಪನಿಯವರು ಊರಲ್ಲೇ ಬರೆದು ಕಳಿಸಿರುತ್ತಾರೆ: ಬೆಳಿಗ್ಗೆ ಅಕ್ರೊಪೊಲಿಸ್, ರಾತ್ರಿ ಪನೀರ್ ಬಟರ್ ಮಸಾಲ. ಅದರ ಅಗತ್ಯವೇ ಇಲ್ಲ. ಇಲ್ಲಿನ ಆರ್ಥೊಡಾಕ್ಸ್ ಚರ್ಚಿನವರಿಗೆ ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ ವಾರಗಳು, ಹೀಗೆ ವರ್ಷದ ಅರ್ಧ ಭಾಗ ವ್ರತವೇ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆ ಪುಣ್ಯದಿಂದ ಹುಟ್ಟಿದವು ಆಲಿವ್ ಎಣ್ಣೆಯಲ್ಲಿ ಬೆಂದ ಹುರುಳಿಕಾಯಿ, ಅನ್ನ ತುಂಬಿದ ಟೊಮೆಟೊ, ದಪ್ಪ ಬಿಳಿ ಬೀನ್ಸಿನ ಗಿಗಾಂದೆಸ್, ಬೇಳೆ ಅರೆದ ಫಾವಾ. ಮೆನುವಿನಲ್ಲಿ ಅಗ್ಗದವೂ ಇವೇ.

ನಾನು: ಪಕ್ಕದ ಮೇಜಿನವರು ಅರ್ಧ ಕಿಲೋ ವೈನ್ ಅಂದರು. ಕೇಳಿದ್ದು ಸರಿಯೇ?

ಹಾಸು: ಸರಿ. ಮನೆವೈನು ಇಲ್ಲಿ ಕಿಲೋ ಲೆಕ್ಕ, ಕುರಿಯ ಪಕ್ಕೆಲುಬೂ ಕಿಲೋ ಲೆಕ್ಕ. ಆ ಮೇಜನ್ನೇ ನೋಡಿ. ನಾಲ್ಕು ಜನ, ಒಂದು ಸಲಾಡ್, ಒಂದು ಫಾವಾ, ಒಂದು ಜ್ಯಾಜಿಕಿ, ಅರ್ಧ ಕಿಲೋ ಪಕ್ಕೆಲುಬು. ಎಲ್ಲ ಮೇಜಿನ ನಡುವೆ, ನಾಲ್ಕು ಫೋರ್ಕೂ ಅಲ್ಲೇ. ಇತ್ತ ಪ್ರವಾಸಿಗರು ತಲೆಗೊಂದು ಸಲಾಡ್, ತಲೆಗೊಂದು ಮುಸಾಕಾ ಹೇಳಿ, ಅರ್ಧ ಬಿಟ್ಟು, ‘ಗ್ರೀಸ್ ದುಬಾರಿಯಾಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿಗೆ ಹಾರದಿರಲೆಂದೇ ನನಗೆ ಕ್ಲಿಪ್ಪು!

ನಾನು: ಅಕ್ರೊಪೊಲಿಸ್ ತಪ್ಪಲಿನ ಪ್ಲಾಕಾದಲ್ಲಿ ಇಷ್ಟೇ ಊಟಕ್ಕೆ ಬಿಲ್ ಮೈಮೇಲೆ ಬಂತಲ್ಲ?

ಹಾಸು: ಬಾಗಿಲಲ್ಲಿ ಒಬ್ಬ ಮೆನು ಹಿಡಿದು ಕೈ ಬೀಸಿ ಕರೆದನೇ? ಮೆನುವಿನಲ್ಲಿ ಪ್ರತಿ ತಟ್ಟೆಯ ಫೋಟೊ ಇತ್ತೇ? ಕುರ್ಚಿಯಿಂದ ಅಕ್ರೊಪೊಲಿಸ್ ಕಾಣುತ್ತಿತ್ತೇ? ಹಾಗಾದರೆ ನೀವು ತಿಂದದ್ದು ಸುವ್ಲಾಕಿ, ದುಡ್ಡು ಕೊಟ್ಟದ್ದು ಅಕ್ರೊಪೊಲಿಸ್‌ಗೆ. ದ್ವೀಪಗಳಲ್ಲಿ ಸಮುದ್ರಕ್ಕೆ ಕೊಡುತ್ತೀರಿ. ಅಲೆ ಕಾಲಿಗೆ ಬಡಿಯುತ್ತಿರುತ್ತದೆ, ತಟ್ಟೆಯ ಕಲಮಾರಿ ಫ್ರೀಜರಿನಿಂದ ಬಂದಿರುತ್ತದೆ. ಮೋಸವೇನೂ ಅಲ್ಲ, ಹೆಸರಿನ ಪಕ್ಕ ಸಣ್ಣ ನಕ್ಷತ್ರ ಹಾಕಿರುತ್ತಾರೆ. ಆಕಾಶದ ನಕ್ಷತ್ರ ನೋಡುವವರಿಗೆ ಅದು ಕಾಣುವುದಿಲ್ಲ.

ನಾನು: ಹಾಗಾದರೆ ರೇಟು ಏರಿದ್ದೇ ಸುಳ್ಳೇ?

ಹಾಸು: ಏರಿದೆ, ಸರ್ಕಾರವೂ ಕೈ ಹಚ್ಚಿದೆ. ಹೋಟೆಲ್ ಊಟದ ಮೇಲಿನ ವ್ಯಾಟ್ 2011ರಲ್ಲಿ ಶೇ 23ಕ್ಕೆ ಹಾರಿತು, 2013ರಲ್ಲಿ 13ಕ್ಕೆ ಇಳಿಯಿತು, 2015ರಲ್ಲಿ ಮತ್ತೆ 23, ಮರುವರ್ಷ 24, 2019ರಲ್ಲಿ ಪುನಃ 13. ಅದೇ ಬೀನ್ಸು, ಅದೇ ಬಾಣಲೆ. 2015ರ ಬೇಸಿಗೆಯಲ್ಲಿ, ಸಾಲದ ಬಿಕ್ಕಟ್ಟಿನ ನಡುವೆ, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದಿತ್ತು. ಆಗಲೂ ಜನ ಬಂದು ಕೂತರು. ಒಂದು ಜಗ್ಗು ವೈನಿನ ಮುಂದೆ ಮೂರು ಗಂಟೆ ಸರ್ಕಾರವನ್ನು ಬೈದರು. ಬೈಗುಳಕ್ಕೆ ವ್ಯಾಟ್ ಇಲ್ಲ.

ನಾನು: ಬಿಲ್ ಯಾಕೆ ಇನ್ನೂ ಬಂದಿಲ್ಲ?

ಹಾಸು: ಕೇಳದೆ ಬರುವುದಿಲ್ಲ. ಕೂತ ಗಿರಾಕಿಯನ್ನು ಎಬ್ಬಿಸುವುದು ಇಲ್ಲಿ ಅಸಭ್ಯತೆ. ಯೂರೋಗೆ ಮುಂಚಿನ ದ್ರಾಖ್ಮೆ ನಾಣ್ಯದ ಕಾಲದಲ್ಲಿ ಮಾಣಿ ನಮ್ಮ ಮೈಮೇಲೆಯೇ ಪೆನ್ಸಿಲಿನಿಂದ ಲೆಕ್ಕ ಬರೆಯುತ್ತಿದ್ದ. ಊಟ ಮುಗಿದರೆ ಲೆಕ್ಕವೂ ಎಲುಬಿನ ಜೊತೆ ಕಸದ ಬುಟ್ಟಿಗೆ! ತೆರಿಗೆ ಇಲಾಖೆಗೆ ಉಳಿಯುತ್ತಿದ್ದುದು ವಾಸನೆ ಮಾತ್ರ. ಅದಕ್ಕೇ ನಮ್ಮನ್ನು ಲೆಕ್ಕದ ಕೆಲಸದಿಂದ ವಜಾ ಮಾಡಿ ಯಂತ್ರ ತಂದರು. ಈಗ ರಸೀದಿ ಸುರುಳಿ ಸುತ್ತಿ ಪುಟ್ಟ ಗ್ಲಾಸಿನಲ್ಲಿಟ್ಟು ಹೋಗುತ್ತಾರೆ.

ನಾನು: ಕೇಳದ ಕಲ್ಲಂಗಡಿಯೂ ಬಂತು. ಇದಕ್ಕೆಷ್ಟು?

ಹಾಸು: ಅದು ಪುಕ್ಕಟೆ, ಮನೆಯವರ ಉಪಚಾರ. ಬ್ರೆಡ್ಡಿಗೆ ದುಡ್ಡು, ಕಲ್ಲಂಗಡಿಗೆ ದಾಕ್ಷಿಣ್ಯ. ನಮ್ಮ ಅರ್ಥವ್ಯವಸ್ಥೆ ಸಾಲ ಕೊಟ್ಟ ಐಎಂಎಫ್‌ನವರಿಗೆ ಯಾಕೆ ಅರ್ಥವಾಗಲಿಲ್ಲ ಅಂತ ಈಗ ತಿಳಿಯಿತೇ?

ನಾನು: ಮಾಣಿ ಬರುತ್ತಿದ್ದಾನೆ. ಓದುಗರಿಗೆ ಕೊನೆಯ ಮಾತು?

ಹಾಸು: ಮೆನುವಿನ ತಳದ ಸಾಲನ್ನು ಮೊದಲು ಓದಲಿ. ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಾಗಿಲ್ಲ, ಇದು ಕಾನೂನು. ನೋಟ ಕಾಣದ ಬೀದಿಯಲ್ಲಿ ಕೂರಲಿ. ನಾಲ್ವರಿದ್ದರೆ ಇಬ್ಬರ ಲೆಕ್ಕದಲ್ಲಿ ಹೇಳಿ, ಸಾಲದಿದ್ದರೆ ಮತ್ತೆ ಹೇಳಲಿ. ಅಗ್ಗದ ಊಟಕ್ಕೆ ಬೇಕಾದದ್ದು ಇಷ್ಟೇ.